ಮೆಮೊರಿ ಕಾರ್ಡನ್ನು ಎಷ್ಟು ನಂಬಬಹುದು?



ಬ್ರಹ್ಮಾವರದಿಂದ ಬೈಂದೂರಿನವರೆಗೆ ಎಷ್ಟೋ ಮನೆಗಳಲ್ಲಿ ನಿಕಾಹ್‌ನ ಫೋಟೋ, ತೀರಿಹೋದ ಅಜ್ಜಿಯ ಕೊನೆಯ ಚಿತ್ರ ಕ್ಯಾಮೆರಾದ ಕಾರ್ಡಿನಲ್ಲೇ ಉಳಿದಿವೆ. ಫಿಲ್ಮಿಗೆ ನೆಗೆಟಿವ್ ಇತ್ತು, ಕಾರ್ಡಿಗೆ ಅದಿಲ್ಲ.

1999ರಲ್ಲಿ ಪ್ರಕಟವಾದ ಎಸ್‌ಡಿ ಕಾರ್ಡಿನೊಳಗೆ ಚಿತ್ರವು ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವಾಗಿ ನಿಲ್ಲುತ್ತದೆ. ಅಳಿಸಿ ಬರೆದಂತೆಲ್ಲ ಕೋಶದ ನಿರೋಧಕ ಪದರ ಸವೆಯುತ್ತದೆ. ಕೋಶಕ್ಕೊಂದೇ ಬಿಟ್ ಇಡುವ ದುಬಾರಿ ಕಾರ್ಡು ಸುಮಾರು 1,00,000 ಸಲ ತಾಳೀತು; ಮೂರು ಬಿಟ್ ತುಂಬುವ ಅಗ್ಗದ್ದು ಸಾವಿರದ ಆಸುಪಾಸು, ಹೆಚ್ಚೆಂದರೆ ಕೆಲವು ಸಾವಿರ. ಮನೆಯ ಕ್ಯಾಮೆರಾ ಆ ಮಿತಿ ಮುಟ್ಟುವುದೇ ಅಪರೂಪ. ಬರೆಯುತ್ತಿರುವಾಗ ಕಾರ್ಡನ್ನು ಎಳೆದು ತೆಗೆಯುವುದು, ಬ್ಯಾಟರಿ ಕೈಕೊಡುವುದು, ನಮ್ಮ ಕಡಲ ತೇವ ಒಳಸೇರುವುದು, ಇವುಗಳಿಗೇ ಹೆಚ್ಚು ಹೆದರಬೇಕು.

ಚಿತ್ರ ಕಾಣದಾದರೆ ಗಾಬರಿಯಿಂದ ಫಾರ್ಮ್ಯಾಟ್ ಮಾಡಬೇಡಿ, ಇನ್ನೊಂದು ಫೋಟೋವನ್ನೂ ತೆಗೆಯಬೇಡಿ. ಹೊಸದು ಮೇಲೆ ಬೀಳುವ ತನಕ ಹಳೆಯದನ್ನು ಮರಳಿ ಪಡೆಯುವ ಆಸೆ ಉಂಟು.

ಕೊಳ್ಳುವಾಗಲೂ ಅಷ್ಟೆ. ಅರ್ಧ ಬೆಲೆಗೆ ಸಿಕ್ಕ 64 ಜಿಬಿ ಕಾರ್ಡಿನೊಳಗೆ ನಿಜವಾಗಿ 8 ಇದ್ದೀತು. ಪೂರ್ತಿ ತುಂಬಿಸಿ, ತೆರೆದು ನೋಡಿಯೇ ನಂಬಿ. ತೀರಾ ಹಳೆಯ ಕ್ಯಾಮೆರಾ 2 ಜಿಬಿಗಿಂತ ದೊಡ್ಡದನ್ನು ಓದದೆಯೂ ಇರಬಹುದು. ಒಂದು 64ಕ್ಕಿಂತ ಎರಡು 32 ಲೇಸು: ಒಂದು ಹೋದರೂ ಅರ್ಧ ಮದುವೆ ಉಳಿದೀತು! ಅದನ್ನೂ ಅದೇ ರಾತ್ರಿ ಕಂಪ್ಯೂಟರಿಗೆ, ಮತ್ತೊಂದು ಡಿಸ್ಕಿಗೆ ಇಳಿಸಿಕೊಳ್ಳಿ.