ಕುದುರೆಗೆ ಒಂದು ಬಕೆಟ್ ನೀರು



ಮೊನ್ನೆ ಮೊಮ್ಮಗಳು ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದಳು. ದುಡಿದು ಸವೆದು ಬೀದಿಪಾಲಾಗಿದ್ದ ಕುದುರೆಗಳನ್ನು ಯಾವುದೋ ದೇಶದಲ್ಲಿ ಯಾರೋ ಸಾಕಿಕೊಂಡಿದ್ದಾರೆ. ಅವು ಹಿಮದಲ್ಲಿ ಹೊರಳಾಡುತ್ತಿದ್ದವು. ಭಯವಿರುವ ಕಡೆ ಕುದುರೆ ಹಾಗೆ ಬೆನ್ನು ನೆಲಕ್ಕೆ ಹಚ್ಚುವುದಿಲ್ಲ.

ನಮ್ಮ ಚಿತ್ತಾಪುರದ ಕಡೆ ಹಿಮವೆಲ್ಲಿ ಬರಬೇಕು? ಬಿಳಿಯದೆಂದರೆ ಸಿಮೆಂಟ್ ಧೂಳು, ಕಲ್ಲಿನ ಪುಡಿ. ನನಗೆ ನೆನಪಾದದ್ದು ವಾಡಿ ಸ್ಟೇಷನ್ನಿನ ಟಾಂಗಾ ಕುದುರೆ. ಹೊಸದಾಗಿ ನೌಕರಿಗೆ ಸೇರಿದಾಗ ಮೇ ತಿಂಗಳ ನಡುಮಧ್ಯಾಹ್ನ ಅದೇ ಟಾಂಗಾದಲ್ಲಿ ಕೆಲಸದ ಜಾಗಕ್ಕೆ ಹೋಗುತ್ತಿದ್ದೆ. ಉಷ್ಣಾಂಶ 37 ಡಿಗ್ರಿ ದಾಟಿದರೆ 12ರಿಂದ 3 ಗಂಟೆಯವರೆಗೆ ದುಡಿಯುವ ಪ್ರಾಣಿಯನ್ನು ಹೂಡಬಾರದು, ದಿನಕ್ಕೆ 9 ಗಂಟೆ ಮೀರಿ ದುಡಿಸಬಾರದು ಎಂದು 1965ರ ಕೇಂದ್ರ ನಿಯಮಗಳಲ್ಲೇ ಇದೆ. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ನಾನು ಆ ನಿಯಮ ಓದಿದ್ದು ನಿವೃತ್ತಿಯ ನಂತರ.

ಕಾಂಕ್ರೀಟ್ ಬಿರಿಯಬಾರದೆಂದು ಗೋಣಿತಟ್ಟು ಹಾಸಿ ದಿನಗಟ್ಟಲೆ ನೀರುಣಿಸುತ್ತಿದ್ದೆ. ನನ್ನನ್ನು ಹೊತ್ತು ತಂದ ಕುದುರೆಗೆ ಒಂದು ಬಕೆಟ್ ನೀರು ತರಿಸಲಿಲ್ಲ. ಕಾಯಕದ ಬಗ್ಗೆ ಅನೇಕ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಅದರದ್ದೂ ಕಾಯಕವೆಂದು ಹೊಳೆದಿರಲಿಲ್ಲ.

ಜಾತ್ರೆಗೆ ಬರುವ ಎತ್ತು, ಕುದುರೆಗಳಿಗೆ ಮಠದ ಹಿತ್ತಲಲ್ಲಿ ನೀರಿನ ತೊಟ್ಟಿ, ನೆರಳು, ಮುದಿಯಾದವಕ್ಕೆ ಹೊರಳಾಡಲು ಒಂದಿಷ್ಟು ಮೆತ್ತನೆ ಮಣ್ಣು ಬೇಕು. ಪೂಜ್ಯರು ಜಾಗ ಕೊಟ್ಟರೆ ನಕ್ಷೆ ನನ್ನದು, ಶಹಾಬಾದ್ ಕಲ್ಲಿನ ಖರ್ಚೂ ನನ್ನದು. ಗೌಂಡಿಗಳಿಗೆ ಈಗಾಗಲೇ ಹೇಳಿಟ್ಟಿದ್ದೇನೆ.