ಸೊನ್ನೆಯ ಕೆಳಗಿನ ಲೆಕ್ಕ

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳನ್ನು ಕಂಡವರಿಗೆ ಬಟವಾಡೆಯ ದಿನದ ಗಡಿಬಿಡಿ ಗೊತ್ತಿರುತ್ತದೆ. ರೈಟರು ಹೆಸರು ಕೂಗುತ್ತಾರೆ. ಹಣ್ಣು ಕುಯ್ದವರು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ. ಇಂಥ ಲೆಕ್ಕಗಳನ್ನು ಈಗ ಗಣಕಯಂತ್ರಕ್ಕೂ ಒಪ್ಪಿಸುವುದುಂಟು. ಆ ಯಂತ್ರಕ್ಕೆ ಬರೆದುಕೊಡುವ ಒಂದು ಸಣ್ಣ ಆಜ್ಞೆಯ ವಿಚಾರ ಇಂದಿನ ಮಾತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬಾಕೆ ಹಬ್ಬಕ್ಕೆಂದು 3000 ರೂಪಾಯಿ ಮುಂಗಡ ಪಡೆದಿದ್ದಾಳೆ. ಈ ವಾರದ ಕೂಲಿ 2400. ಕಳೆದರೆ ಬರುವುದು ಋಣ 600. ಬಟವಾಡೆಯ ಚೀಟಿಯಲ್ಲಿ ಋಣ ಸಂಖ್ಯೆಗೆ ಅರ್ಥವಿಲ್ಲ. ಆದ್ದರಿಂದ ಯಂತ್ರಕ್ಕೆ, 'ಬಂದ ಸಂಖ್ಯೆ, ಸೊನ್ನೆ, ಇವೆರಡರಲ್ಲಿ ದೊಡ್ಡದನ್ನು ತೆಗೆದುಕೊ' ಎಂದು ಹೇಳಿರುತ್ತಾರೆ. ಋಣ 600ಕ್ಕಿಂತ ಸೊನ್ನೆ ದೊಡ್ಡದು. ಚೀಟಿಯಲ್ಲಿ ಸೊನ್ನೆ ಬೀಳುತ್ತದೆ. ಇಲ್ಲಿಯವರೆಗೆ ಸರಿಯೇ.

ಅದೇ ಆಜ್ಞೆಯನ್ನು ಖಾತೆಯ ಬಾಕಿಗೂ ಹಾಕಿದರೆ? ಆ 600 ರೂಪಾಯಿ ಮುಂದಿನ ವಾರಕ್ಕೆ ಹೋಗದೆ ಮಾಯವಾಗುತ್ತದೆ. ಧಣಿಗಳಿಗೆ ನಷ್ಟ, ಆಳಿಗೆ ಲಾಭ ಎಂದು ನಗಬೇಡಿ. ಇನ್ನೊಂದು ಪುಸ್ತಕದಲ್ಲಿ ಮುಂಗಡದಿಂದ ಕೂಲಿಯನ್ನು ಕಳೆದು, 'ಆಳಿನಿಂದ ಬರಬೇಕಾದದ್ದು' ಎಂದು ಬರೆಯುತ್ತಾರೆನ್ನಿ. ಮುಂಗಡ 1000, ಕೂಲಿ 2500. ಬರುವುದು ಋಣ 1500. ಇಲ್ಲಿ ಋಣವೆಂದರೆ ತೋಟವೇ ಆಕೆಗೆ ಕೊಡಬೇಕಾದ ಹಣ! ಅದನ್ನು ಸೊನ್ನೆ ಮಾಡಿದರೆ ಚಳಿಯಲ್ಲಿ ನಿಂತು ಹಣ್ಣು ಕುಯ್ದ ದುಡಿಮೆಯೇ ಅಳಿಸಿಹೋಯಿತು. ಕಾಗದದ ಮೇಲಾದರೆ ಹೊಡೆದುಹಾಕಿದ ಗೆರೆಯಾದರೂ ಕಾಣುತ್ತಿತ್ತು. ಯಂತ್ರದ ಸೊನ್ನೆಯಲ್ಲಿ ಗುರುತೇ ಉಳಿಯದು.

ಗೋದಾಮಿನ ಲೆಕ್ಕವೂ ಹೀಗೆಯೇ. ಪುಸ್ತಕದಲ್ಲಿ 40 ಮೂಟೆ. ಲಾರಿಗೆ ಏರಿದ್ದು 42. ಉಳಿದದ್ದು ಋಣ 2. ಅಂಥ ಮೂಟೆ ಲೋಕದಲ್ಲಿಲ್ಲ, ನಿಜ. ಆದರೆ ಆ ಋಣ ಚಿಹ್ನೆ, 'ಎಲ್ಲೋ ಎಣಿಕೆ ತಪ್ಪಿದೆ, ನೋಡಿ' ಎಂದು ಕೂಗುವ ಕಾವಲುಗಾರ. ಸೊನ್ನೆ ಬರೆದರೆ ಕಾವಲುಗಾರನ ಬಾಯಿ ಮುಚ್ಚಿಸಿದಂತೆ.

ನಮ್ಮ ಹಿರಿಯರು ಈ ಸಂಖ್ಯೆಗಳನ್ನು ಕಡೆಗಣಿಸಿರಲಿಲ್ಲ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಧನ, ಋಣ, ಶೂನ್ಯಗಳಿಗೆ ಬೇರೆ ಬೇರೆ ನಿಯಮ ಹೇಳಿದ. ಋಣದಿಂದ ಶೂನ್ಯ ಕಳೆದರೆ ಋಣವೇ ಉಳಿಯುವುದೆಂದು ತಿಳಿಸಿದ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಇವುಗಳ ಲೆಕ್ಕವನ್ನು ವಿವರಿಸಿದ. ಸಾಲಕ್ಕೆ ಅವರು ಬಳಸಿದ ಹೆಸರೇ ಇಂದಿಗೂ ನಮ್ಮ ಶಾಲೆಯ ಪಾಠದಲ್ಲಿದೆ.

ನಿಮ್ಮ ಮನೆಯಲ್ಲಿ ಯಾರಾದರೂ ಯಂತ್ರಕ್ಕೆ ಲೆಕ್ಕ ಬರೆಯುವವರಿದ್ದರೆ ಇಷ್ಟು ಹೇಳಿ: ಕೈಗೆ ಕೊಡುವ ಹಣಕ್ಕೆ ಸೊನ್ನೆಯ ತಡೆ ಇರಲಿ, ಬಾಕಿ ಮಾತ್ರ ಬಂದ ಹಾಗೆಯೇ ಖಾತೆಯಲ್ಲಿ ನಿಲ್ಲಲಿ. ಸೊನ್ನೆ ಬರೆಯುವ ಮುನ್ನ, ಆ ಋಣ ಯಾರದೆಂದು ಒಮ್ಮೆ ಕೇಳಿಕೊಳ್ಳಲಿ.