ಈಜುರೆಕ್ಕೆ ಮತ್ತು ಉಸಿರಿನ ಲೆಕ್ಕ

(ಶತಮಾನೋತ್ಸವದ ಸಂದರ್ಭದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಕಾಲಿಗೆ ಕಟ್ಟಿಕೊಳ್ಳುವ ರಬ್ಬರಿನ ಹಲಗೆಯ ಬಗ್ಗೆ ಮಾತನಾಡಲು ಶತಮಾನೋತ್ಸವದ ವೇದಿಕೆಯೇ ಬೇಕಿತ್ತೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಬಂದ್ಯೋಡಿನ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಶಿರಿಯ ಹೊಳೆ. ಸೊಂಟಕ್ಕೆ ಜೋಡಿ ಒಣ ತೆಂಗಿನಕಾಯಿ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವರು ಈ ಸಭೆಯಲ್ಲಿಯೇ ಹಲವರಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಈಗ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಮುಳುಗುತ್ತಿದ್ದಾರೆ. ಆದ್ದರಿಂದ ವಿಷಯ ದೂರದ್ದಲ್ಲ.

ನಮ್ಮ ವಿಜ್ಞಾನದ ಪುಸ್ತಕದಲ್ಲಿ ಮೀನಿಗೆ ‘ಈಜುರೆಕ್ಕೆ’ ಎಂಬ ಸೊಗಸಾದ ಪದವಿತ್ತು. ಮುಳುಗುವವರು ಫಿನ್ ಎನ್ನುವುದೂ ಅದನ್ನೇ. ಮನುಷ್ಯನಿಗೆ ಅದನ್ನು ತೊಡಿಸುವ ಆಸೆ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಕೈಗೆ ಮರದ ಹಲಗೆ ಹಿಡಿದು ಈಜಿ ನೋಡಿದನು. ವೇಗ ಹೆಚ್ಚಿತು, ಆದರೆ ಮಣಿಕಟ್ಟು ದಣಿಯಿತು. ಪಾದಕ್ಕೆ ಕಟ್ಟಿದ್ದು ಅವನಿಗೆ ತೃಪ್ತಿ ಕೊಡಲಿಲ್ಲ. ಇಂದಿನ ಫಿನ್‌ಗೆ ಹಕ್ಕುಪತ್ರ ಪಡೆದವನು ಫ್ರಾನ್ಸಿನ ನೌಕಾಧಿಕಾರಿ ಲೂಯಿ ದ ಕೊರ್ಲ್ಯೂ, 1933ರಲ್ಲಿ. ಫ್ರಾಂಕ್ಲಿನ್ನನ ಮಣಿಕಟ್ಟಿನ ದಣಿವನ್ನು ಮಾತ್ರ ನೆನಪಿಡಿ. ಹಲಗೆ ದೊಡ್ಡದಾದರೆ ಲಾಭವೂ ಉಂಟು, ಅದಕ್ಕೆ ಬೆಲೆಯೂ ಉಂಟು.

ಲಾಭ ಹೇಗೆ? ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮುಂದೆ ಸಾಗಲು ನಾವು ನೀರನ್ನು ಹಿಂದಕ್ಕೆ ತಳ್ಳಬೇಕು. ಸ್ವಲ್ಪ ನೀರನ್ನು ರಭಸದಿಂದ ತಳ್ಳಿದರೂ ಹೆಚ್ಚು ನೀರನ್ನು ನಿಧಾನವಾಗಿ ತಳ್ಳಿದರೂ ಒಂದೇ ನೂಕು ಸಿಗಬಹುದು, ಆದರೆ ಎರಡನೆಯದಕ್ಕೆ ತಗಲುವ ಶಕ್ತಿ ಕಡಿಮೆ. ಕೋಲಿನಿಂದ ದೋಣಿ ನಡೆಸುವುದಕ್ಕೂ ಅಗಲವಾದ ಹುಟ್ಟಿನಿಂದ ನಡೆಸುವುದಕ್ಕೂ ಇರುವ ವ್ಯತ್ಯಾಸ ಕಡವಿನ ದೋಣಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು ಬೆಲೆ. ಮುಳುಗುವವನ ಬೆನ್ನಿನ ಸಿಲಿಂಡರಿನಲ್ಲಿರುವುದು ಆಮ್ಲಜನಕ ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ, ಒತ್ತಿ ತುಂಬಿದ ಸಾಮಾನ್ಯ ಗಾಳಿ. ಸುಮಾರು 11 ಲೀಟರ್ ಹಿಡಿಯುವ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ 2200 ಲೀಟರ್ ಗಾಳಿ. ಅದರಲ್ಲಿ 50 ಬಾರ್ ಮೇಲೆ ಬರುವ ತನಕ ಮುಟ್ಟಬಾರದ ಮೀಸಲು. ಉಳಿದದ್ದು 1650 ಲೀಟರ್. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 20 ಮೀಟರಿನಲ್ಲಿ ಅದು ಮೂರು ಪಟ್ಟು, ಅಂದರೆ ಒಂದೊಂದು ಉಸಿರಿಗೂ ಮೂರು ಪಟ್ಟು ಗಾಳಿ ಖರ್ಚು. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅಲ್ಲಿ 60 ಲೀಟರ್ ಬೇಕು. ಗಾಳಿ 27 ನಿಮಿಷಕ್ಕೆ ಸಾಲುತ್ತದೆ. ಅದೇ ಮನುಷ್ಯ ಕಾಲು ಬಡಿದು ಬಡಿದು ಏದುಸಿರಿನಲ್ಲಿ 30 ಲೀಟರಿಗೆ ಏರಿದನೆನ್ನಿ. ಆಗ 90 ಲೀಟರ್ ಬೇಕು, ಸಿಗುವುದು 18 ನಿಮಿಷ. ಸಿಲಿಂಡರ್ ಅದೇ, ಸಮುದ್ರ ಅದೇ. ಒಂಬತ್ತು ನಿಮಿಷ ಕಾಲಿನಲ್ಲಿ ಕರಗಿಹೋಯಿತು.

ಉಸಿರು ಹೆಚ್ಚುವುದು ಆಮ್ಲಜನಕ ಸಾಲದೆ ಅಲ್ಲ. ದುಡಿದ ಸ್ನಾಯು ಹೊರಹಾಕಿದ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿದಾಗ ‘ಉಸಿರಾಡು’ ಎಂಬ ಒತ್ತಾಯ ಹುಟ್ಟುತ್ತದೆ. ಆಳದಲ್ಲಿ ಗಾಳಿಯೇ ದಟ್ಟವಾಗಿರುವುದರಿಂದ ಅದನ್ನು ಎಳೆದು ಬಿಡುವುದೂ ಒಂದು ದುಡಿಮೆ. ಒಮ್ಮೆ ಏದುಸಿರು ಹತ್ತಿದರೆ ಮನಸ್ಸಿಗೆ ಗಾಬರಿ ಹತ್ತಲು ಹೆಚ್ಚು ಹೊತ್ತು ಬೇಡ. ನೀರಿನಡಿಯ ಹಲವು ಅವಘಡಗಳು ಆರಂಭವಾಗುವುದು ಹೀಗೆ.

ಹಾಗಾದರೆ ಯಾವ ಫಿನ್? ಅಂಗಡಿಯಲ್ಲಿ ಗಟ್ಟಿಯಾದ, ಉದ್ದವಾದದ್ದನ್ನು ಹೊಗಳುತ್ತಾರೆ. ಗಟ್ಟಿ ಹಲಗೆಗೆ ಗಟ್ಟಿ ತೊಡೆ ಬೇಕು. ಕಚೇರಿಯಲ್ಲಿ ಕುಳಿತು ಕೆಲಸ ಮಾಡುವವನು ಅದನ್ನು ತೊಟ್ಟರೆ ಹತ್ತು ನಿಮಿಷದಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ತೀರಾ ಮೆದುವಾದದ್ದು ಬಾಗುತ್ತದೆಯೇ ಹೊರತು ನೂಕುವುದಿಲ್ಲ. ನಡುವೆ ಸೀಳಿದ ಫಿನ್‌ಗಳು ಕಣಕಾಲಿಗೆ ಹಗುರ, ಮಂಡಿನೋವು ಇರುವವರಿಗೆ ಒಳ್ಳೆಯದು, ಆದರೆ ಕಪ್ಪೆಯಂತೆ ಕಾಲು ಬಿಡಿಸಿ ತಳ್ಳುವ ಈಜಿಗೆ ಹೊಂದುವುದಿಲ್ಲ. ಭಾರವಾದ ಕಪ್ಪು ರಬ್ಬರಿನ ಜೆಟ್ ಫಿನ್ 1960ರ ದಶಕದ್ದು, ಇಂದಿಗೂ ಅನೇಕ ನುರಿತವರ ಮೆಚ್ಚಿನದು. ದಪ್ಪ ಉಡುಪಿನಿಂದ ಕಾಲು ತೇಲುವ ತಣ್ಣೀರಿನ ಕಡಲುಗಳಲ್ಲಿ ಅದರ ಭಾರವೇ ಉಪಕಾರ. ನಮ್ಮ ಬೆಚ್ಚಗಿನ ಕಡಲಿನಲ್ಲಿ ಉಡುಪು ತೆಳು, ಭಾರದ ಫಿನ್ ಕಾಲನ್ನು ಕೆಳಗೆ ಜಗ್ಗುತ್ತದೆ, ದೇಹ ಓರೆಯಾಗುತ್ತದೆ, ಓರೆಯಾದ ದೇಹ ನೀರಿಗೆ ಬಾಗಿಲಿನಂತೆ ಅಡ್ಡ ನಿಲ್ಲುತ್ತದೆ. ಮಧ್ಯಮ ಬಿಗುವಿನ, ಹಗುರವಾದ ಫಿನ್ ನಮ್ಮವರಲ್ಲಿ ಹೆಚ್ಚಿನವರಿಗೆ ಸರಿ ಎಂಬುದು ನನ್ನ ಅಭಿಪ್ರಾಯ.

ಫಿನ್ ಬದಲಿಸುವುದಕ್ಕಿಂತ ಒದೆಯುವ ಕ್ರಮ ಬದಲಿಸಿದರೆ ಹೆಚ್ಚು ಗಾಳಿ ಉಳಿಯುತ್ತದೆ. ಹೊಸಬರು ಸೈಕಲ್ ತುಳಿದಂತೆ ಮೊಣಕಾಲು ಮಡಚುತ್ತಾರೆ. ಚಲನೆ ಸೊಂಟದಿಂದ ಹೊರಡಬೇಕು. ಒಂದು ಒದೆತದ ಬಳಿಕ ದೇಹ ಜಾರುವಷ್ಟು ಹೊತ್ತು ಸುಮ್ಮನಿರಬೇಕು. ಇದಕ್ಕೊಂದು ಕಠಿಣ ಕಾರಣವಿದೆ. ನೀರಿನ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಬೇಕಾಗುವ ಶಕ್ತಿ ವೇಗದ ಘನಕ್ಕೆ. ಎರಡು ಪಟ್ಟು ವೇಗಕ್ಕೆ ಎಂಟು ಪಟ್ಟು ಶಕ್ತಿ! ಯಾವ ಬೆಲೆಯ ಫಿನ್ ಕೂಡ ಈ ಲೆಕ್ಕದಿಂದ ಪಾರು ಮಾಡದು. ಸಿಲಿಂಡರ್ ಹೊತ್ತವನಿಗೆ ಗಂಟೆಗೆ ಎರಡು ಕಿಲೋಮೀಟರ್ ವೇಗವನ್ನು ಹೆಚ್ಚು ಹೊತ್ತು ಕಾಯ್ದುಕೊಳ್ಳುವುದೇ ಕಷ್ಟ.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆ ನೆನಪಿದೆ. ಬಂದ್ಯೋಡಿನ ನಡುವೆ ಹಾದುಹೋಗುವ ಇದೇ 66ನೇ ಹೆದ್ದಾರಿಯ ಮೇಲೆ. ಕೋಯಿಕ್ಕೋಡಿನ ಲಾರಿ ಚಾಲಕನಿಗಾಗಿ ಗಂಗಾವಳಿಯಲ್ಲಿ ಉಡುಪಿಯ ಈಶ್ವರ ಮಲ್ಪೆಯವರು ಮುಳುಗಿದರು, ನೌಕಾಪಡೆಯವರೂ ಬಂದಿದ್ದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ನದಿಯ ಹೂಳು ತೆಗೆಯುವ ಯಂತ್ರ ಬಂದ ಮೇಲೆ. ‘ಅಷ್ಟೊಂದು ಜನ ಮುಳುಗುವವರಿದ್ದೂ ಯಾಕೆ ಆಗಲಿಲ್ಲ’ ಎಂದು ಆ ದಿನಗಳಲ್ಲಿ ನಮ್ಮೂರ ಹೋಟೆಲುಗಳಲ್ಲಿಯೂ ಕೇಳುತ್ತಿದ್ದರು. ಕೆಂಪು ನೀರಿನಲ್ಲಿ ಕಣ್ಣು ಕಾಣದು ಎಂಬುದು ಒಂದು ಕಾರಣ. ಇನ್ನೊಂದು, ಈಗ ಹೇಳಿದ ಘನದ ಲೆಕ್ಕ. ಆಷಾಢದ ಹೊಳೆ ಮನುಷ್ಯನ ಕಾಲಿಗೆ ಸಾಧ್ಯವಿರುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಹರಿಯುತ್ತದೆ. ಅಲ್ಲಿ ಇಳಿದವರ ಧೈರ್ಯವನ್ನು ಅಳೆಯುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ನೇತ್ರಾಣಿಗೆ ಹೊರಡುವ ಮಕ್ಕಳಿಗೆ ಎರಡು ಮಾತು. ಬಾಡಿಗೆಯ ಫಿನ್ ಕೊಟ್ಟಾಗ ನಾಚದೆ ಎರಡು ಮೂರು ಜೊತೆ ಹಾಕಿ ನೋಡಿ. ಹಿಮ್ಮಡಿ ಜಾರಿದರೆ ಪ್ರತಿ ಒದೆತದ ಅರ್ಧ ವ್ಯರ್ಥ, ಬೆರಳು ಒತ್ತಿದರೆ ಸ್ನಾಯು ಹಿಡಿಯುತ್ತದೆ. ನೀರಿಗಿಳಿದ ಮೇಲೆ ಒತ್ತಡದ ಮಾಪಕವನ್ನು ಆಗಾಗ ನೋಡಿ, ಸೆಳೆತ ಎದುರಾದರೆ ಅದರೊಡನೆ ಗುದ್ದಾಡದೆ ಜೊತೆಗಾರನಿಗೆ ಸನ್ನೆ ಮಾಡಿ, ಬಂಡೆಯ ಮರೆಗೆ ಸರಿಯಿರಿ. ಉಸಿರು ಏರಿದ್ದು ಗೊತ್ತಾದ ಕೂಡಲೇ ಕಾಲು ನಿಲ್ಲಿಸಿ.